ವಿಮಾನದ ಬಾಯಿ

ಮೊದಲ ಸಲ ಸಣ್ಣ ವಿಮಾನ ಹತ್ತಿದಾಗ ನಾನು ವಾಂತಿ ಮಾಡಿಕೊಂಡೆ. ಕೈಗೆ ಕೊಟ್ಟಿದ್ದ ಚೀಲ ಬಿಡಿಸುವಷ್ಟೂ ಪುರಸೊತ್ತು ಸಿಗಲಿಲ್ಲ. ಎಲ್ಲ ಉಟ್ಟ ಸೀರೆಯ ಮೇಲೆಯೇ ಆಯಿತು. ಕೆಳಗಿಳಿದ ಮೇಲೆ ನೀರು ಕೊಟ್ಟರು, ನಿಂಬೆಹಣ್ಣು ಕೊಟ್ಟರು, ‘ಎಲ್ಲಾರಿಗೂ ಹಿಂಗ ಆಗ್ತದ, ಬಿಡ್ರಿ’ ಎಂದು ಸಮಾಧಾನ ಹೇಳಿದರು. ಆ ಸಮಾಧಾನವೇ ನನ್ನ ಪಿತ್ತ ಕೆರಳಿಸಿತು. ಎಲ್ಲರಿಗೂ ಆಗಲಿ, ನನಗೇಕೆ ಆಗಬೇಕು? ಸೋಲಾಪುರದ ಪೇಟೆಯಲ್ಲಿ ಗಂಡಸರ ನಡುವೆ ಕೂತು ವ್ಯಾಪಾರ ಮಾಡಿ ಕೂದಲು ನರೆಸಿಕೊಂಡವಳು ನಾನು. ಎರಡು ಸೀಟಿನ ಒಂದು ಡಬ್ಬಿ ನನ್ನನ್ನು ಸೋಲಿಸಿ ಕಳಿಸುವುದೆಂದರೇನು? ಮುಂದಿನ ವಾರ ಸೀರೆ ಬಿಟ್ಟು ಸಲ್ವಾರ್ ತೊಟ್ಟು ಮತ್ತೆ ಅಲ್ಲಿಗೇ ಹೋದೆ.

ಅಲ್ಲಿಗೆ ಎಂದರೆ ಚಪಳಗಾಂವದ ಆಚೆಗೆ. ನಮ್ಮದು ನೀರೆತ್ತುವ ಮೋಟಾರು, ಪೈಪುಗಳ ಅಂಗಡಿ. ನಮ್ಮ ಗಿರಾಕಿಯೊಬ್ಬರು, ದ್ರಾಕ್ಷಿ ತೋಟದ ದೊಡ್ಡ ಕುಳ, ತಮ್ಮ ಹೊಲದಲ್ಲಿ ಗರಸು ಮಣ್ಣು ಹಾಸಿ ವಿಮಾನ ಓಡುವ ದಾರಿಯೊಂದನ್ನು ಮಾಡಿಸಿದ್ದರು. ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಎರಡು ಸಣ್ಣ ವಿಮಾನ, ಹವ್ಯಾಸಕ್ಕೆ ಹಾರಲು ಕಲಿಯುವವರಿಗೆ ಒಬ್ಬ ಗುರು. ದಾರಿಗೆ ನೀರು ಹೊಡೆಯಲು ನಮ್ಮಲ್ಲಿ ಒಯ್ದ ಮೋಟಾರು ಮೇಲಿಂದ ಮೇಲೆ ಸುಡುತ್ತದೆಂದು ತಕರಾರು ಬಂತು. ಅಂಗಡಿಯ ಹೆಸರಿಗೆ ಯಾರಾದರೂ ಮಸಿ ಬಳಿದರೆ ನನಗೆ ಊಟ ಸೇರುವುದಿಲ್ಲ. ನಾನೇ ಹೋಗಿ ನೋಡಿದೆ. ತಪ್ಪು ಮೋಟಾರಿನದಲ್ಲ, ಅವರ ಕರೆಂಟಿನದು. ಅದನ್ನು ಅವರ ಮುಖದ ಮೇಲೆ ಸಾಬೀತು ಮಾಡಿದ ಖುಷಿಯಲ್ಲಿದ್ದಾಗಲೇ ಆ ಗುರುಗಳು ‘ಬರ್ರಿ ಅಕ್ಕಾರ, ಒಂದ ಸುತ್ತ ಹಾಕಿ ಬರೂಣು’ ಎಂದಿದ್ದು, ಮುಂದೆ ಸೀರೆಯ ಗತಿ ಹಾಗಾಗಿದ್ದು.

ಗುರುಗಳು ಕಲಬುರಗಿ ಕಡೆಯವರು, ವಾಯುಸೇನೆಯಿಂದ ನಿವೃತ್ತರಾದವರು. ಮಾತು ಕಡಿಮೆ, ಮೀಸೆ ಜಾಸ್ತಿ. ನಾನು ಕಲಿಯುತ್ತೇನೆ ಎಂದಾಗ ಅವರು ನಗಲಿಲ್ಲ, ಹೊಗಳಲೂ ಇಲ್ಲ. ಮೊದಲು ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಕಣ್ಣು, ಕಿವಿ, ಎದೆ, ರಕ್ತ ಎಲ್ಲದರ ತಪಾಸಣೆ ಆಗಿ, ರಕ್ತದೊತ್ತಡ ಹೆಚ್ಚಿದೆ ಎಂದು ವಾಪಸು ಅಟ್ಟಿದರು. ಉಪ್ಪಿನಕಾಯಿ ಬಿಟ್ಟೆ. ಶೇಂಗಾ ಚಟ್ನಿ ಬಿಟ್ಟೆ. ಸೋಲಾಪುರದಲ್ಲಿದ್ದುಕೊಂಡು ಶೇಂಗಾ ಚಟ್ನಿ ಬಿಡುವುದು ಎಂಥ ತ್ಯಾಗ ಎಂಬುದು ಇಲ್ಲಿಯವರಿಗೇ ಗೊತ್ತು. ಮತ್ತೆ ಹೋಗಿ ಪಾಸಾಗಿ ಬಂದೆ.

ಹಾರುವುದೆಂದರೆ ಹಾರುವುದು ಎಂದು ತಿಳಿದಿದ್ದೆ. ಅದರಲ್ಲಿ ಬಹುಪಾಲು ಕಾಯುವುದು ಎಂದು ಆಮೇಲೆ ಗೊತ್ತಾಯಿತು. ನಮ್ಮ ಎರಿ ಭೂಮಿ ಬಿಸಿಲೇರಿದರೆ ಹೆಂಚಿನಂತೆ ಕಾಯುತ್ತದೆ. ಉತ್ತ ಹೊಲದ ಮೇಲೆ ಬಿಸಿಗಾಳಿ ವಿಮಾನವನ್ನು ಕೆಳಗಿನಿಂದ ಎತ್ತಿ ಒಗೆಯುತ್ತದೆ, ಕಬ್ಬಿನ ಗದ್ದೆ ಬಂತೋ ಕೆಳಗೆ ಜಗ್ಗುತ್ತದೆ. ಹಾಗಾಗಿ ಕಲಿಯುವವರಿಗೆ ಮುಂಜಾನೆಯ ತಂಪು ಹೊತ್ತು ಮಾತ್ರ. ನಾನು ಸೋಲಾಪುರದಿಂದ ಅಕ್ಕಲಕೋಟೆ ರಸ್ತೆ ಹಿಡಿದು ನಸುಕಿನಲ್ಲಿ ಬಂದು ಮುಟ್ಟಿದರೆ, ಕೆಲವು ದಿನ ಮಂಜು, ಕೆಲವು ದಿನ ಅಡ್ಡಗಾಳಿ, ಕೆಲವು ದಿನ ದಾರಿಯ ತುಂಬಾ ಕುರಿ. ಕುರಿಗಾರರು ಬೀರೋಬಾನ ಹೆಸರು ಹೇಳಿ ನಮಗೆ ಕೈ ಮುಗಿಯುವರು, ಕುರಿಗಳು ಮಾತ್ರ ಯಾವ ದೇವರಿಗೂ ಜಪ್ಪಯ್ಯ ಅನ್ನವು. ಅವು ದಾಟುವ ಹೊತ್ತಿಗೆ ಸೂರ್ಯ ಮೇಲೆ ಬಂದಿರುತ್ತಿದ್ದ. ವಿಮಾನದ ರೆಕ್ಕೆಗೆ ಅಂಟಿದ ಹುಳ ಒರೆಸಿ, ಶೆಡ್ಡಿಗೆ ತಳ್ಳಿ, ಅಂಗಡಿ ತೆರೆಯಲು ಓಡುತ್ತಿದ್ದೆ.

ಓದು ಬೇರೆ ಇತ್ತು. ತವರು ಅಕ್ಕಲಕೋಟೆ; ಅಲ್ಲಿ ಕನ್ನಡ ಸಾಲಿಯಲ್ಲಿ ಕಲಿತವಳು ನಾನು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಪೇಟೆಯಲ್ಲಿ ಮೂರು ನಾಲ್ಕು ಭಾಷೆ ಕೂಡಿದ್ದು. ವಿಮಾನದ ಪುಸ್ತಕಗಳು ಮಾತ್ರ ಇಂಗ್ಲಿಷು. ಹವಾಮಾನದ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಮೋಡ ನೋಡಿ ಮಳೆ ಹೇಳುವ ಊರಿನವಳು ಮೋಡದ ಪರೀಕ್ಷೆಯಲ್ಲೇ ಢುಮ್ಕಿ ಹೊಡೆದಳಲ್ಲ ಎಂದು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಏಣಿ ಹತ್ತಲೂ ಹೆದರುವ ಮನುಷ್ಯ. ‘ನೀ ಏನರೆ ಮಾಡು, ನನಗ ಬಂದು ನೋಡಂತ ಮಾತ್ರ ಅನಬ್ಯಾಡ’ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಕೈ ಬೇಗ ಕುದುರಿತು. ಇಂಜಿನ್ನಿನ ದನಿಯಲ್ಲಿ ಸಣ್ಣ ಹೆಚ್ಚುಕಡಿಮೆಯಾದರೂ ನನಗೆ ತಿಳಿಯುತ್ತಿತ್ತು. ಹಗಲೆಲ್ಲ ಮೋಟಾರು ಕೇಳುವ ಕಿವಿ. ಏರುವುದು, ತಿರುಗುವುದು, ನೇರ ಹಿಡಿಯುವುದು ಎಲ್ಲ ಬಂತು. ಬಾರದೇ ಉಳಿದಿದ್ದು ಒಂದೇ. ಇಳಿಯುವಾಗ ಲೆಕ್ಕ ತಪ್ಪಿದರೆ, ಹಟ ಮಾಡದೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಬೇಕು. ಅದು ನಿಯಮ. ನನಗೆ ಅದು ಸೋಲೊಪ್ಪಿಕೊಂಡ ಹಾಗೆ. ಒಮ್ಮೆ ಇಳಿಯಲು ಹೊರಟೆನೆಂದರೆ ಇಳಿಸಿಯೇ ತೀರಬೇಕು. ಒಂದು ಮುಂಜಾನೆ ಹಾಗೆ ಹಟಕ್ಕೆ ಬಿದ್ದು ಇಳಿಸಿದಾಗ ವಿಮಾನ ಕುಪ್ಪಳಿಸಿ ಕುಪ್ಪಳಿಸಿ ದಾರಿಯ ಅಂಚಿಗೆ ಹೋಗಿ ನಿಂತಿತು. ಗುರುಗಳು ಇಂಜಿನ್ ಆರಿಸಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ.

‘ಅಕ್ಕಾರ, ನಿಮ್ಮ ಕೈ ಛಲೋ ಅವ’ ಎಂದರು. ‘ಆದ್ರ ನಿಮಗ ಬಿಡೂದು ಗೊತ್ತಿಲ್ಲ. ಅದು ಗೊತ್ತಾಗೂತನಾ ನಾ ನಿಮ್ಮನ್ನ ಒಬ್ಬರನ್ನ ಮ್ಯಾಲೆ ಕಳಸಂಗಿಲ್ಲ.’

ವಿಮಾನ ಕಲಿಯುವವರಿಗೆ ಒಬ್ಬರೇ ಹಾರುವ ಮೊದಲ ದಿನವೇ ಎಲ್ಲ. ಪಕ್ಕದ ಸೀಟು ಖಾಲಿ ಇರಬೇಕು. ಅದಾಗದಿದ್ದರೆ ಎಷ್ಟು ಕಲಿತರೂ ಅದು ಇನ್ನೊಬ್ಬರ ಜೊತೆ ಸುತ್ತಾಡಿ ಬಂದ ಹಾಗೆ. ನನ್ನ ನಂತರ ಸೇರಿದ ಪುಣೆಯ ಒಬ್ಬ ತರುಣ ಒಬ್ಬನೇ ಹಾರಿ ಬಂದು ಪೇಢೆ ಹಂಚಿದ. ಪೇಢೆ ತಿಂದೆ. ಅಂಗಡಿಗೆ ಬಂದು ಆ ದಿನ ಗಿರಾಕಿಗಳ ಮೇಲೆಲ್ಲ ಹರಿಹಾಯ್ದೆ.

ಕೊನೆಗೆ ಒಂದು ದಿನ ಗುರುಗಳು ಹೇಳಿದರು: ‘ಐತವಾರ ಬರ್ರಿ. ನಾ ಬಾಜೂಕ ಕೂಡ್ತೀನಿ, ಬಾಯಿ ತಗಿಯಂಗಿಲ್ಲ. ನನ್ನ ಒಂದು ಜ್ವಾಳದ ಚೀಲ ಅಂತ ತಿಳೀರಿ. ಎಲ್ಲಾ ನೀವೇ ಮಾಡ್ರಿ. ನನಗ ಸರಿ ಅನಸ್ತಂದ್ರ ನಾ ಇಳಿದು ನಿಮ್ಮನ್ನ ಒಬ್ಬರನ್ನ ಕಳಸ್ತೀನಿ.’

ಇದನ್ನು ಮನೆಯಲ್ಲಿ ಹೇಳಬಾರದಿತ್ತು. ಹೇಳಿದೆ. ಐತವಾರ ಮುಂಜಾನೆ ನಾನು ಹೋಗಿ ಮುಟ್ಟಿ ವಿಮಾನದ ತಪಾಸಣೆ ಶುರು ಮಾಡುವ ಹೊತ್ತಿಗೆ ನಮ್ಮ ಟೆಂಪೋ ಧೂಳೆಬ್ಬಿಸಿಕೊಂಡು ಬಂತು. ಅದರಿಂದ ಅತ್ತೆ ಇಳಿದರು. ಹಿಂದೆಯೇ ಮಂದ್ರೂಪದ ಕಾಕಾ, ಅಂದರೆ ನನ್ನ ಮಾವನ ತಮ್ಮ, ಅವರ ಹೆಂಡತಿ, ಮಕ್ಕಳು, ಮೊಮ್ಮಕ್ಕಳು. ಎಲ್ಲರಿಗಿಂತ ಕೊನೆಗೆ, ನೋಡುವುದಿಲ್ಲ ಎಂದಿದ್ದ ನನ್ನ ಗಂಡ.

ಅತ್ತೆಯ ಬಗ್ಗೆ ಹೇಳಬೇಕು. ಎಪ್ಪತ್ತು ದಾಟಿದ ಜೀವ. ಮಾವ ತೀರಿಕೊಂಡ ಮೇಲೆ ಅಂಗಡಿಯನ್ನು ಉಳಿಸಿದವರು ಅವರೇ, ನನ್ನನ್ನು ಹಣದ ಗಲ್ಲೆಯ ಮೇಲೆ ಕೂರಿಸಿದವರೂ ಅವರೇ. ಮನೆದೇವರು ಮೈಲಾರ. ಸೊಂಟದ ಚಂಚಿಯಲ್ಲಿ ಎಲೆ ಅಡಿಕೆ ಇಲ್ಲದಿದ್ದೀತು, ಭಂಡಾರದ ಅರಿಶಿನ ಪುಡಿ ಇಲ್ಲದೇ ಇರುವುದಿಲ್ಲ. ಅವರು ವಿಮಾನವನ್ನು ತಲೆಯಿಂದ ಬಾಲದವರೆಗೆ ನೋಡಿ ‘ಯವ್ವಾ, ಇಷ್ಟ ಸಣ್ಣಂದೇನ ಇದು? ನಮ್ಮ ಟೆಂಪೋನ ದೊಡ್ಡದೈತಲ್ಲ’ ಎಂದರು. ಆಮೇಲೆ ಗುರುಗಳ ಹತ್ತಿರ ಹೋಗಿ ‘ಸಾಹೇಬ್ರ, ಪೂಜಿ ಆಗೂತನಾ ಸೊಸೀನ್ನ ಮ್ಯಾಲೆ ಬಿಡೂಹಂಗಿಲ್ರಿ’ ಎಂದು ಕೈ ಮುಗಿದರು. ಹಿರಿಯ ಜೀವದ ಮಾತಿಗೆ ಗುರುಗಳು ಇಲ್ಲವೆನ್ನಲಿಲ್ಲ. ಕಾಯಿ ದೂರದಲ್ಲಿ ಒಡೆಯಬೇಕು, ಕುಂಕುಮ ಮೂತಿಗೆ ಮಾತ್ರ, ಮುಂದೆ ತಿರುಗುವ ಪಂಖಾ ಮುಟ್ಟಬಾರದು ಎಂದು ಹೇಳಿ ಸೋಲಾಪುರದ ವಿಮಾನ ನಿಲ್ದಾಣದ ಟವರಿಗೆ ಫೋನು ಮಾಡಲು ಶೆಡ್ಡಿಗೆ ಹೋದರು. ಮೊಮ್ಮಕ್ಕಳು ಪಂಖಾದ ಹತ್ತಿರ ಹೋಗದಂತೆ ನಾನು ಕಾವಲು ನಿಂತೆ. ಅತ್ತೆ ಊದುಬತ್ತಿ ಹಿಡಿದು ಸುತ್ತು ಬಂದರು, ರೆಕ್ಕೆಯ ಕೆಳಗೆ ಬಗ್ಗಿದರು, ಸೆರಗಿನಿಂದ ಅಲ್ಲಿ ಇಲ್ಲಿ ಒರೆಸಿದರು. ಅವರ ಕಣ್ಣಿಗೆ ಯಾವುದೂ ಸ್ವಚ್ಛ ಅನಿಸುವುದಿಲ್ಲ.

ಯಾರಾದರೂ ವಿಮಾನ ಮುಟ್ಟಿದರೆ ಮತ್ತೊಮ್ಮೆ ಸುತ್ತಿ ನೋಡಬೇಕು ಎಂಬುದು ಪದ್ಧತಿ. ಗುರುಗಳೂ ನಾನೂ ಸುತ್ತಿದೆವು. ಚಕ್ರ, ಇಂಧನ, ರೆಕ್ಕೆಯ ಕೀಲು. ಎಡ ರೆಕ್ಕೆಯ ಕೆಳಗೆ ಮುಂದಕ್ಕೆ ಚಾಚಿದ ಒಂದು ಸಣ್ಣ ಕೊಳವೆ ಇರುತ್ತದೆ. ವಿಮಾನ ಓಡುವಾಗ ಅದರೊಳಗೆ ಗಾಳಿ ನುಗ್ಗುತ್ತದೆ, ಆ ಗಾಳಿಯ ಒತ್ತಡದಿಂದಲೇ ನಮ್ಮ ಎದುರಿನ ವೇಗದ ಮುಳ್ಳು ಏಳುತ್ತದೆ. ಅದರ ತುದಿ ಫಳಫಳ ಹೊಳೆಯುತ್ತಿತ್ತು. ಸರಿ ಎಂದು ಮುಂದೆ ಹೋದೆವು.

ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಂಡೆ. ಗುರುಗಳು ಪಕ್ಕದಲ್ಲಿ ಕೈಗಳನ್ನು ಮೊಣಕಾಲ ಮೇಲಿಟ್ಟು ಜೋಳದ ಚೀಲವಾದರು. ದಾರಿಯ ತುದಿಗೆ ಹೋಗಿ ತಿರುಗಿದೆ. ಬದಿಗೆ ನಮ್ಮವರೆಲ್ಲ ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಮೊಬೈಲು. ಕಾಕಾ ಮೊಮ್ಮಗನನ್ನು ಹೆಗಲ ಮೇಲೆ ಏರಿಸಿಕೊಂಡಿದ್ದರು. ನಡುವೆ ಅತ್ತೆಯ ಹಸಿರು ಸೀರೆ. ಇಂಜಿನ್ನಿಗೆ ಪೂರ್ತಿ ಬಲ ಕೊಟ್ಟೆ.

ಓಟ ಶುರುವಾದ ಕೂಡಲೇ ಮುಳ್ಳುಗಳನ್ನು ನೋಡಬೇಕು. ಇಂಜಿನ್ನಿನದು ಸರಿ. ಎಣ್ಣೆಯದು ಸರಿ. ವೇಗದ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಇನ್ನೇನು ಏಳುತ್ತದೆ ಎಂದುಕೊಂಡೆ. ಏಳಲಿಲ್ಲ. ಚಕ್ರಗಳು ಹಗುರಾಗುತ್ತಿದ್ದವು, ಹಿಡಿಕೆಗೆ ಜೀವ ಬರುತ್ತಿತ್ತು; ಸ್ವಲ್ಪ ಎಳೆದರೆ ಸಾಕು, ಏರಿಬಿಡುತ್ತಿತ್ತು. ಆ ಕ್ಷಣ ನನ್ನ ತಲೆಯಲ್ಲಿ ಏನು ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ದನಿಯಿಂದಲೇ ವೇಗ ಹೇಳಬಲ್ಲೆ, ಮುಳ್ಳಿಲ್ಲದೆಯೂ ಇಳಿಸಬಲ್ಲೆ, ಇಷ್ಟು ಜನರ ಮುಂದೆ ಹೇಗೆ ನಿಲ್ಲಲಿ ಎಂದೆಲ್ಲ ಓಡಿತು. ಪಕ್ಕದ ಚೀಲ ಅಲುಗಲಿಲ್ಲ. ಹಸಿರು ಸೀರೆ ಕಿಟಕಿಯಲ್ಲಿ ಹಾದುಹೋಯಿತು.

ನನ್ನ ಕೈ ಇಂಜಿನ್ನಿನ ಬಲವನ್ನು ಪೂರ್ತಿ ಹಿಂದಕ್ಕೆಳೆಯಿತು. ಮೆಲ್ಲಗೆ ಬ್ರೇಕು ಒತ್ತುತ್ತಾ ಹೋದೆ. ದಾರಿ ಮುಗಿಯುವ ಮುಂಚೆ ವಿಮಾನ ನಿಂತಿತು. ‘ವೇಗದ ಮುಳ್ಳು ಏಳಲಿಲ್ಲ, ನಿಲ್ಲಿಸಿದ್ದೇನೆ’ ಎಂದು ರೇಡಿಯೋದಲ್ಲಿ ಹೇಳಿದೆ. ದನಿ ನಡುಗಲಿಲ್ಲ, ಅಷ್ಟು ಖಾತ್ರಿ.

ಆದರೆ ತಿರುಗಿ ಅವರೆಲ್ಲರ ಮುಂದೆಯೇ ವಾಪಸು ಬರಬೇಕಿತ್ತಲ್ಲ. ಅದಕ್ಕಿಂತ ಉದ್ದದ ದಾರಿಯಲ್ಲಿ ನಾನು ಯಾವತ್ತೂ ಹೋಗಿಲ್ಲ. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಇಂಜಿನ್ ಆರಿಸಿ ಬಾಗಿಲು ತೆಗೆದಾಗ ಮೊದಲು ಕೇಳಿದ್ದು ಕಾಕಾನ ದನಿ: ‘ಹೆದರಿದ್ಲು ನೋಡ್ರಿ. ಹೆಣ್ಣಮಕ್ಕಳಿಗೆ ಇದೆಲ್ಲಾ ಯಾಕ ಬೇಕ್ರಿ?’ ನನ್ನ ಮೈಯೆಲ್ಲ ಉರಿಯಿತು. ನನ್ನ ಗಂಡ, ಹಿರಿಯರ ಎದುರು ಎಂದೂ ದನಿ ಎತ್ತದ ಮನುಷ್ಯ, ‘ಕಾಕಾ, ಸುಮ್ಮಕ ನಿಂದ್ರು’ ಎಂದರು.

ಶೆಡ್ಡಿನ ಮೆಕ್ಯಾನಿಕ್ ಬಂದು ವೇಗದ ಮುಳ್ಳಿನ ಹಿಂದಿನ ನಳಿಕೆ ಬಿಚ್ಚಿದ. ಅಲ್ಲಿಂದ ರೆಕ್ಕೆಯ ಕಡೆಗೆ ಗಾಳಿ ಬಿಟ್ಟ. ಎಡ ರೆಕ್ಕೆಯ ಕೊಳವೆಯಿಂದ ಪಟ್ಟೆಂದು ಹಳದಿ ಪುಡಿ ಹಾರಿ ಅವನ ಜೊತೆಗಾರನ ಅಂಗಿಯ ಮೇಲೆ ಬಿತ್ತು. ಭಂಡಾರ.

ಎಲ್ಲರೂ ಅತ್ತೆಯ ಕಡೆ ತಿರುಗಿದರು. ನನಗೆ ಒಂದೇ ಏಟಿಗೆ ತಿಳಿಯಿತು. ನಮ್ಮ ಅಂಗಡಿಯಿಂದ ಯಾವ ಮೋಟಾರು ಹೊರಟರೂ ಅತ್ತೆ ಅದರ ನೀರಿನ ಬಾಯಿಗೆ ಒಂದು ಚಿಟಿಕೆ ಭಂಡಾರ ಹಾಕುತ್ತಾರೆ. ಬಾಯಿಗೆ ಪ್ರಸಾದ ಬಿದ್ದರೆ ಯಂತ್ರ ಸೋಲುವುದಿಲ್ಲ ಎಂಬುದು ಮಾವನ ಕಾಲದಿಂದ ಬಂದ ನಂಬಿಕೆ. ಗಿರಾಕಿಗಳೂ ಅದಿಲ್ಲದೆ ಮೋಟಾರು ಒಯ್ಯುವುದಿಲ್ಲ. ಅತ್ತೆ ವಿಮಾನದ ಬಾಯಿ ಹುಡುಕಿದ್ದರು. ಮುಂದಕ್ಕೆ ತೆರೆದ ಸಣ್ಣ ತೂತು ಅದೊಂದೇ ಕಂಡಿದ್ದು. ಚಿಟಿಕೆ ಹಾಕಿ, ಊದುಬತ್ತಿಯ ಕಡ್ಡಿಯಿಂದ ಒಳಗೆ ತಳ್ಳಿ, ತುದಿಯನ್ನು ಸೆರಗಿನಿಂದ ಒರೆಸಿ ಹೊಳೆಯಿಸಿದ್ದರು.

‘ಅದು ಬಾಯಿ ಅಲ್ಲೇನ್ರಿ ಸಾಹೇಬ್ರ?’ ಎಂದರು ಅತ್ತೆ, ಸಣ್ಣ ದನಿಯಲ್ಲಿ.

‘ಬಾಯಿ ಅಲ್ಲವ್ವಾ, ಮೂಗು’ ಎಂದರು ಗುರುಗಳು. ‘ಅದರಾಗ ಗಾಳಿ ಹೋದ್ರನ ಎಷ್ಟು ಜೋರ ಓಡಾಕತ್ತೇವಿ ಅಂತ ನಮಗ ತಿಳೀತದ.’

‘ಅಯ್ಯ, ಮೂಗಿನ್ಯಾಗ ತುಂಬಿದ್ನೇನ!’ ಎಂದು ಅತ್ತೆ ಹಣೆ ಬಡಿದುಕೊಂಡರು. ನನಗೆ ಎಲ್ಲಿತ್ತೋ ನಗೆ, ರೆಕ್ಕೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಅತ್ತೆ ನಗಲಿಲ್ಲ. ನನ್ನ ಹತ್ತಿರ ಬಂದು ಕೆನ್ನೆ ಹಿಡಿದು, ‘ನೀ ನಿಂತಿ, ಛಲೋ ಆತು’ ಎಂದರು. ಅವರ ಬೆರಳು ತಣ್ಣಗಾಗಿದ್ದವು.

ಎಲ್ಲರೂ ಟೆಂಪೋ ಹತ್ತಿದ ಮೇಲೆ ಗುರುಗಳು ನನ್ನನ್ನು ಕರೆದರು. ‘ಮುಳ್ಳ ಏಳಲಿಲ್ಲ ಅನ್ನೂದು ನಾನೂ ನೋಡಿದ್ನಿ ಅಕ್ಕಾರ.’

‘ಮತ್ತ ಯಾಕ ಹೇಳಲಿಲ್ರಿ ಸರ್?’ ಎಂದೆ. ಸಿಟ್ಟೇ ಬಂತು.

‘ನಿಮ್ಮ ಕೈ ನೋಡಾಕತ್ತಿದ್ನಿ. ಇನ್ನೊಂದು ಉಸಿರು ತಡ ಮಾಡಿದ್ರ ನಾನ ನಿಲ್ಲಸ್ತಿದ್ನಿ, ಆಮ್ಯಾಲೆ ನಿಮ್ಮನ್ನ ಒಬ್ಬರನ್ನ ಎಂದೂ ಕಳಸ್ತಿದ್ದಿಲ್ಲ.’ ಮೀಸೆ ತೀಡಿಕೊಂಡು, ‘ಯಂತ್ರ ಸರಿ ಮಾಡಿ ನಾ ಒಮ್ಮಿ ಹಾರಿಸಿ ನೋಡ್ತೀನಿ. ನಾಳಿ ಬರ್ರಿ. ಇನ್ನ ನನಗ ನಿಮ್ಮದೇನೂ ನೋಡೂದು ಉಳಿದಿಲ್ಲ’ ಎಂದರು.

ಮರುದಿನ ನಾನು ಒಬ್ಬಳೇ ಹಾರಿದೆ. ಯಾರನ್ನೂ ಕರೆದಿರಲಿಲ್ಲ. ಗುರುಗಳ ಭಾರ ಇಲ್ಲದ ವಿಮಾನ ನಾನು ಎಣಿಸಿದ್ದಕ್ಕಿಂತ ಮುಂಚೆಯೇ ನೆಲ ಬಿಟ್ಟಿತು. ಬಲಕ್ಕೆ ನೋಡಿದರೆ ಖಾಲಿ ಸೀಟು, ಅದರ ಆಚೆ ಬೋರಿ ನದಿಯ ಅಣೆಕಟ್ಟಿನ ನೀರು, ತೊಗರಿ ಹೊಲಗಳು, ಅಕ್ಕಲಕೋಟೆಯ ಕಡೆಗೆ ಹೊರಟ ಕೆಂಪು ಬಸ್ಸು. ಅಲ್ಲಿ ಮೇಲೆ ನಾನು ಜೋರಾಗಿ ಮಾತಾಡಿಕೊಂಡೆ, ಮರಾಠಿಯಲ್ಲಿ, ಏಕೋ ಏನೋ. ಇಳಿಯುವಾಗ ಸ್ವಲ್ಪ ಎತ್ತರದಲ್ಲಿದ್ದೇನೆ ಅನಿಸಿತು. ಮತ್ತೆ ಮೇಲೇರಿದೆ, ಇನ್ನೊಂದು ಸುತ್ತು ಬಂದೆ, ಚಂದಾಗಿ ಇಳಿಸಿದೆ. ಗುರುಗಳು ದೂರದಿಂದಲೇ ಕೈ ಎತ್ತಿದರು.

ನನಗೆ ಹೆಮ್ಮೆ ಇದೆ. ಇದನ್ನು ನಯವಾಗಿ ಸುತ್ತಿ ಹೇಳುವ ಅಭ್ಯಾಸ ನನಗಿಲ್ಲ. ಒಬ್ಬಳೇ ಹಾರಿದ್ದಕ್ಕೆ ಹೆಮ್ಮೆ, ಅದರ ಹಿಂದಿನ ದಿನ ಹಾರದೇ ನಿಂತಿದ್ದಕ್ಕೆ ಅದರ ದುಪ್ಪಟ್ಟು. ಅತ್ತೆ ಅಂಗಡಿಗೆ ಬಂದವರಿಗೆಲ್ಲ ನಿಂತ ಕತೆಯನ್ನೇ ಹೇಳುತ್ತಾರೆ, ತಮ್ಮ ಭಂಡಾರದ ಪಾಲನ್ನೂ ಬಿಡದೆ. ಕಾಕಾ ಈಗ ಮಂದ್ರೂಪದಲ್ಲಿ ‘ನಮ್ಮ ಸೊಸಿ ಪೈಲಟ್’ ಎಂದು ಹೇಳಿಕೊಂಡು ತಿರುಗುತ್ತಾರಂತೆ. ತಿರುಗಲಿ.

ಲೈಸೆನ್ಸು ಕೈಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಹವಾಮಾನ ಮತ್ತೆ ಬರೆದೆ, ರೇಡಿಯೋ ಪರೀಕ್ಷೆ ಕೊಟ್ಟೆ, ನಕಾಶೆ ಹಿಡಿದು ದೂರದ ಊರುಗಳಿಗೆ ದಾರಿ ತಪ್ಪದೆ ಹೋಗಿ ಬಂದೆ. ಲೈಸೆನ್ಸು ಬಂದ ಮೇಲೆ, ಮೊದಲು ಯಾರನ್ನು ಕೂರಿಸಿಕೊಳ್ಳಲಿ ಎಂದು ಮನೆಯಲ್ಲಿ ಕೇಳಿದೆ. ಗಂಡ ಗೋಡೆಯ ಕ್ಯಾಲೆಂಡರ್ ನೋಡಲು ಶುರು ಮಾಡಿದರು. ‘ನಾ ಬರ್ತೀನಿ’ ಎಂದರು ಅತ್ತೆ.

ಅವರನ್ನು ಪಕ್ಕದ ಸೀಟಿಗೆ ಹತ್ತಿಸುವುದೇ ಒಂದು ದೊಡ್ಡ ಕೆಲಸವಾಯಿತು. ಸೆರಗು ಒಳಗೆ ಸಿಕ್ಕಿಸಿ, ಪಟ್ಟಿ ಬಿಗಿದು, ತಲೆಯ ಮೇಲಿನ ಸೆರಗಿನ ಮೇಲೆಯೇ ಹೆಡ್‌ಫೋನ್ ಕೂರಿಸಿದೆ. ದಾರಿಯ ತುದಿಗೆ ಬಂದು ತಿರುಗಿದೆ. ಅತ್ತೆಯ ಕೈ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

‘ಹೋಗೂಣೇನ್ರಿ?’ ಎಂದೆ.

‘ತಡಿ’ ಎಂದರು. ‘ಒಂದ ಮಾತ ಕೇಳು. ಬಾಜೂಕ ನಾ ಕುಂತೀನಂತ ಹಟಾ ಮಾಡಬ್ಯಾಡ. ನಿಲ್ಲಬೇಕ ಅನಸ್ತಂದ್ರ ನಿಂತಬಿಡು. ನನ್ನ ಮಾರಿ ನೋಡಬ್ಯಾಡ.’

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಏನು ಮಾಡುವುದಿದ್ದರೂ ನಾನು ಮೊದಲು ಅವರ ಮುಖ ನೋಡಿದವಳು. ಪೇಟೆಯಲ್ಲಿ ಯಾರಿಗೂ ಸೊಪ್ಪು ಹಾಕದವಳು ಆ ಒಂದು ಮುಖದಲ್ಲಿ ಹೂಂ ಕಂಡ ಮೇಲೆಯೇ ಹೆಜ್ಜೆ ಇಡುತ್ತಿದ್ದೆ. ಅದನ್ನು ಅವರು ಇಷ್ಟು ವರ್ಷವೂ ಬಲ್ಲರು ಎಂಬುದು ನನಗೆ ಆಗ ತಿಳಿಯಿತು. ‘ಹೂಂನ್ರಿ’ ಎಂದೆ.

ಇಂಜಿನ್ನಿಗೆ ಬಲ ಕೊಟ್ಟೆ. ವೇಗದ ಮುಳ್ಳು ಎದ್ದಿತು. ಅತ್ತೆಯ ಕಡೆ ತಿರುಗದೆ, ಎದುರಿನ ದಾರಿಯನ್ನೇ ನೋಡುತ್ತಾ ವಿಮಾನವನ್ನು ಮೇಲೆತ್ತಿದೆ.